ಹೊಗೆ ನಿಯಂತ್ರಣ ಪ್ರದೇಶದಲ್ಲಿ ಮನೆ: ಯಾವ ಸೌದೆ ಒಲೆ ಹಾಕಿಸೋದು?

ಶೆಫೀಲ್ಡ್ ಸೊಸೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹಳೇ ಕಾಲದ ಸಾಲುಮನೆಯೊಂದನ್ನು ಕೊಂಡಿದ್ದೇವೆ. ಗ್ಯಾಸ್ ಬಾಯ್ಲರ್ ಇದೆ, ರೇಡಿಯೇಟರ್ ಇವೆ. ಆದರೂ ಮುಂದಿನ ಕೋಣೆ ಮಾತ್ರ ಬೆಚ್ಚಗಾಗುವುದೇ ಇಲ್ಲ. ಹಿಂದಿನವರು ಕಲ್ಲಿದ್ದಲು ಉರಿಸುತ್ತಿದ್ದ ತೆರೆದ ಅಗ್ಗಿಷ್ಟಿಕೆ ಅಲ್ಲಿದೆ. ಅದರೊಳಗೆ ಒಂದು ಸೌದೆ ಒಲೆ ಕೂರಿಸೋಣ ಅಂತ ಆಸೆ. ಚಳಿಗಾಲಕ್ಕೆ ಹಾಸನದಿಂದ ಅತ್ತೆ ಬರುತ್ತಾರೆ. ಅವರಿಗೆ ಬೆಂಗಳೂರಿನ ಡಿಸೆಂಬರೇ ಜಾಸ್ತಿ, ಇನ್ನು ಇಲ್ಲಿಯದು ಹೇಳಬೇಕಾ?

ಕೋಣೆ 4.5 ಮೀಟರ್ ಉದ್ದ, 4 ಮೀಟರ್ ಅಗಲ, 2.7 ಮೀಟರ್ ಎತ್ತರ. ಅಂಗಡಿಯವರು 8 ಕಿಲೋವ್ಯಾಟ್ ಒಲೆಯೊಂದನ್ನು ತೋರಿಸಿ, "ಇಕೋಡಿಸೈನ್ ಇದೆ, ಎಲ್ಲಿ ಬೇಕಾದರೂ ಹಾಕಿಸಬಹುದು" ಅಂದರು. ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ನಕ್ಷೆ ನೋಡಿದರೆ ನಮ್ಮ ಬೀದಿ ಹೊಗೆ ನಿಯಂತ್ರಣ ಪ್ರದೇಶದೊಳಗೇ ಇದೆ, ಅಂದರೆ ಚಿಮಣಿಯಿಂದ ಹೊಗೆ ಬಿಡಲು ಕಾನೂನಿನ ತಡೆ ಇರುವ ಜಾಗ. ಇಕೋಡಿಸೈನ್ ಇದ್ದರೆ ಸಾಕಾ? ಡೆಫ್ರಾ ಅಂತ ಬೇರೆ ಏನೋ ಇರಬೇಕಂತೆ. ಅನುಭವ ಇರುವವರು ಸ್ವಲ್ಪ ಬಿಡಿಸಿ ಹೇಳಿ.

ಹೊಗೆಗೂಡು

ಅಂಗಡಿಯವರು ಅರ್ಧ ಹೇಳಿದ್ದಾರೆ. ಕಟ್ಟಡ ತಪಾಸಣೆ ನನ್ನ ಹೊಟ್ಟೆಪಾಡು, ಈ ಗೊಂದಲ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ.

ಇಕೋಡಿಸೈನ್ ಅನ್ನೋದು ಮಾರಾಟದ ನಿಯಮ. 2022ರ ಜನವರಿ 1ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಸೌದೆ ಒಲೆಗಳೆಲ್ಲ ಅದನ್ನು ಪಾಲಿಸಲೇಬೇಕು. ಮುಚ್ಚಿದ ಬಾಗಿಲಿನ ಒಲೆಯಾದರೆ ಹೊರಬಿಡುವ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸೂಕ್ಷ್ಮ ಕಣ 40 ಮಿಲಿಗ್ರಾಂ ದಾಟಬಾರದು, ದಕ್ಷತೆ ಕನಿಷ್ಠ 65% ಇರಬೇಕು, ಇಂಗಾಲದ ಮಾನಾಕ್ಸೈಡಿಗೂ ಸಾರಜನಕದ ಆಕ್ಸೈಡುಗಳಿಗೂ ಬೇರೆ ಬೇರೆ ಮಿತಿ. ಅಂದರೆ ಅಂಗಡಿಯಲ್ಲಿರುವ ಪ್ರತಿ ಹೊಸ ಒಲೆಗೂ ಇದು ಇದ್ದೇ ಇರುತ್ತದೆ. ಅದನ್ನೇ ಹೆಗ್ಗಳಿಕೆ ಅಂತ ಹೇಳಿದರೆ ಸುಮ್ನೆ ನಕ್ಕು ಬಿಡಿ.

ನಿಮಗೆ ಬೇಕಾದದ್ದು ಇನ್ನೊಂದು. ಹೊಗೆ ನಿಯಂತ್ರಣ ಪ್ರದೇಶದಲ್ಲಿ ಸೌದೆ ಉರಿಸಬೇಕಾದರೆ ಒಲೆಯ ಮಾದರಿ ಡೆಫ್ರಾ, ಅಂದರೆ ಸರ್ಕಾರದ ಪರಿಸರ ಇಲಾಖೆಯ, ವಿನಾಯಿತಿ ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಹೊಗೆಯಿಲ್ಲದ ಅಧಿಕೃತ ಇಂಧನ ಮಾತ್ರ. ಇಕೋಡಿಸೈನ್ ಇದ್ದೂ ಈ ಪಟ್ಟಿಯಲ್ಲಿ ಇಲ್ಲದ ಒಲೆಗಳು ಇವೆ. ಎರಡರ ಅಳತೆಯೂ ಬೇರೆ. ಇಲ್ಲಿ ಗಂಟೆಗೆ ಎಷ್ಟು ಗ್ರಾಂ ಹೊಗೆ ಅಂತ ತೂಗುತ್ತಾರೆ: 5 ಗ್ರಾಂ, ಅದರ ಮೇಲೆ ಪ್ರತಿ 0.3 ಕಿಲೋವ್ಯಾಟಿಗೆ 0.1 ಗ್ರಾಂ. ಈ 5 ಗ್ರಾಮನ್ನು 3ಕ್ಕೆ ಇಳಿಸುತ್ತೇವೆ ಅಂತ ಸರ್ಕಾರ 2023ರ ಜನವರಿಯಲ್ಲೇ ಹೇಳಿದೆ. ಹಾಗಾಗಿ ಅಂಚಿನಲ್ಲಿ ಪಾಸಾದ ಒಲೆ ಬೇಡ. ಚೆನ್ನಾಗಿ ಕೆಳಗಿರುವುದನ್ನೇ ನೋಡಿ.

ಪಟ್ಟಿ ನೋಡುವಾಗ ಕಂಪನಿ ಹೆಸರು ಸಾಲದು. ಮಾದರಿಯ ಪೂರ್ತಿ ಹೆಸರು, ಅಲ್ಲಿ ಬರೆದಿರುವ ಇಂಧನ, ಯಾವ ಕೈಪಿಡಿಯ ಪ್ರಕಾರ ಅನ್ನೋದು, ಮೂರೂ ಹೊಂದಬೇಕು. ಒಂದೇ ಒಲೆಯ ಚಿಕ್ಕ ಗಾತ್ರ ಪಟ್ಟಿಯಲ್ಲಿದ್ದು ದೊಡ್ಡದು ಇಲ್ಲದೇ ಇರಬಹುದು.

ಬ್ರಿಸ್ಟಲ್ ಬಸಣ್ಣ

ಹೊಗೆಗೂಡು ಸರ್ ಹೇಳಿದ್ದು ಖರೆ. ಆದರ 8 ಕಿಲೋವ್ಯಾಟಿಗೆ ಯಾಕ ಹೆದರಬೇಕ್ರಿ? ದೊಡ್ಡದು ಇದ್ದರ ಛಲೋನ. ಜಾಸ್ತಿ ಚಳಿ ಬಿದ್ದಾಗ ಜೋರ್ ಉರಸ್ರಿ, ಇಲ್ಲಂದ್ರ ಗಾಳಿ ಮುಚ್ಚಿ ಸಣ್ಣ ಮಾಡ್ರಿ. ರಾತ್ರಿ ಎರಡು ದಪ್ಪ ಕಟಗಿ ಇಟ್ಟು ಗಾಳಿ ಬಂದ್ ಮಾಡಿದರ ಮುಂಜಾನಿ ಮಟ ಕೆಂಡ ಇರ್ತದ.

ಕಂಬ್ರಿಯಾ ಕೊಡವ

ಬಸಣ್ಣಾ, ಬೇಜಾರಾಗಬೇಡಿ. ನೀವು ಹೇಳಿದ ಹಾಗೆ ಮಾಡಿದರೆ ಪಕ್ಕದ ಮನೆಯವರು ಕೌನ್ಸಿಲಿಗೆ ಫೋನ್ ಮಾಡೋದು ಗ್ಯಾರಂಟಿ.

ಸೌದೆ ಬಿಸಿಯಾದಾಗ ಮೊದಲು ಅದರಿಂದ ಅನಿಲ ಹೊರಡುತ್ತದೆ. ನಾವು ನೋಡುವ ಉದ್ದನೆಯ ಹಳದಿ ಜ್ವಾಲೆ ಆ ಅನಿಲದ್ದೇ. ಅದು ಪೂರ್ತಿ ಉರಿಯಲು ಒಳಗೆ ಕಾವೂ ಬೇಕು, ಗಾಳಿಯೂ ಬೇಕು. ಗಾಳಿ ಮುಚ್ಚಿದರೆ ಅನಿಲ ಹೊರಡುವುದೇನೂ ನಿಲ್ಲುವುದಿಲ್ಲ, ಉರಿಯುವುದು ಮಾತ್ರ ನಿಲ್ಲುತ್ತದೆ. ಉರಿಯದ ಅನಿಲ ಹೊಗೆಯಾಗಿ ಮೇಲೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಚಿಮಣಿಯ ಗೋಡೆಗೆ ಟಾರಾಗಿ ಅಂಟುತ್ತದೆ. ಒಂದು ದಿನ ಆ ಟಾರಿಗೇ ಬೆಂಕಿ ಹತ್ತಿಕೊಳ್ಳುತ್ತದೆ. ಚಿಮಣಿಗೆ ಬೆಂಕಿ ಬಿದ್ದಾಗ ವಿಮಾನ ಹಾರಿದ ಹಾಗೆ ಸದ್ದು. ನಮ್ಮ ಹಳ್ಳಿಯಲ್ಲಿ ಒಂದು ಮನೆಗೆ ಆಗಿದ್ದನ್ನು ಕೇಳಿದ್ದೇನೆ, ಮತ್ತೆ ಕೇಳುವುದು ಬೇಡ.

ಅದಕ್ಕೇ ಪಟ್ಟಿಯಲ್ಲಿರುವ ಎಷ್ಟೋ ಒಲೆಗಳಿಗೆ ಹೊಗೆ ನಿಯಂತ್ರಣ ಕಿಟ್ ಅಂತ ಕೊಡುತ್ತಾರೆ. ಕೇಳಲು ದೊಡ್ಡದು, ನೋಡಿದರೆ ಒಂದು ಸ್ಕ್ರೂ ಅಥವಾ ಸಣ್ಣ ತಗಡಿನ ತಡೆ ಅಷ್ಟೇ. ಗಾಳಿಯ ಹಿಡಿಕೆಯನ್ನು ಪೂರ್ತಿ ಮುಚ್ಚಲು ಬಿಡದ ಹಾಗೆ ಅದು ಅಡ್ಡ ನಿಲ್ಲುತ್ತದೆ. ಅಳವಡಿಸುವವರು ಅದನ್ನು ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ.

ಲೆಕ್ಕಕ್ಕೆ ಬರೋಣ. 4.5 × 4 × 2.7 ಅಂದರೆ ಸುಮಾರು 48.6 ಘನ ಮೀಟರ್. ಇಲ್ಲಿ ಎಲ್ಲರೂ ಬಳಸುವ ಕೈಲೆಕ್ಕ ಅದನ್ನು 14ರಿಂದ ಭಾಗಿಸುವುದು. ಮೂರೂವರೆ ಕಿಲೋವ್ಯಾಟ್ ಬರುತ್ತದೆ. ಕಿಟಕಿ ಹಳೆಯದು, ಗಾಳಿ ನುಗ್ಗುತ್ತದೆ ಅಂದರೆ 4, ಜಾಸ್ತಿ ಅಂದರೆ 5. 8 ಹಾಕಿದರೆ ಅರ್ಧ ಗಂಟೆಯಲ್ಲಿ ಕೋಣೆ ಕುದಿಯುತ್ತದೆ, ನೀವು ಗಾಳಿ ಮುಚ್ಚುತ್ತೀರಿ, ಹೊಗೆ ಶುರು. ಸಣ್ಣ ಒಲೆಯನ್ನು ಜೋರಾಗಿ ಉರಿಸಿ. ದೊಡ್ಡ ಒಲೆಯನ್ನು ಉಸಿರುಗಟ್ಟಿಸಬೇಡಿ.

ಬ್ರಿಸ್ಟಲ್ ಬಸಣ್ಣ

ಆತ್ರೀ ಮಾರಾಯರ. ನಮ್ಮ ಒಲಿ ಹಳೇದು, ನಮ್ಮ ಊರೂ ಹೊರಗ ಐತಿ, ನಮಗ ಈ ಪ್ರದೇಶ ಪಿದೇಶ ಇಲ್ಲ. ಅದಕ್ಕ ಹಂಗಂದೆ. ಆದರೂ ರಾತ್ರಿ ಕೆಂಡದ ಸುಖ ನಿಮಗ ಗೊತ್ತಿಲ್ಲ ಬಿಡ್ರಿ.

ಹೊಗೆಗೂಡು

5 ಕಿಲೋವ್ಯಾಟಿಗೆ ಇನ್ನೊಂದು ಗಡಿಯೂ ಇದೆ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಜೆ ಭಾಗದ ಪ್ರಕಾರ, ಹಳೇ ಮನೆಗಳಲ್ಲಿ 5 ಕಿಲೋವ್ಯಾಟ್‌ವರೆಗಿನ ಒಲೆಗೆ ಗೋಡೆಯಲ್ಲಿ ಶಾಶ್ವತ ಗಾಳಿಕಿಂಡಿ ಬೇಕಿಲ್ಲ. ಅದನ್ನು ದಾಟಿದ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿಲಿಮೀಟರ್ ಕಿಂಡಿ ಕೊರೆಸಬೇಕು. 8 ಕಿಲೋವ್ಯಾಟ್ ಅಂದರೆ 1,650. ಚಳಿ ಅಂತ ಒಲೆ ಹಾಕಿಸಿ, ಅದಕ್ಕಾಗಿ ಗೋಡೆಗೆ ಮುಚ್ಚಲಾಗದ ತೂತು! ಹೊಸದಾಗಿ ಕಟ್ಟಿದ, ಗಾಳಿ ಸೋರದ ಮನೆಗಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಮೊದಲ ಕಿಲೋವ್ಯಾಟಿನಿಂದಲೇ ಕಿಂಡಿ ಲೆಕ್ಕ.

ಡಾಕ್ಟರಮ್ಮ

ಎಲ್ಲರೂ ಯಾವ ಒಲೆ ಅಂತ ಹೇಳುತ್ತಿದ್ದೀರಿ. ಒಲೆ ಬೇಕಾ ಅಂತ ಯಾರೂ ಕೇಳಲಿಲ್ಲ. ನಾನು ಕೇಳುತ್ತೇನೆ, ಬೈದುಕೊಳ್ಳಿ.

ಶ್ವಾಸಕೋಶದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಈ ದೇಶದಲ್ಲಿ ಸೂಕ್ಷ್ಮ ಕಣಗಳ ದೊಡ್ಡ ಮೂಲಗಳಲ್ಲಿ ಮನೆಯ ಸೌದೆ ಬೆಂಕಿಯೂ ಒಂದು. ವಾಹನಗಳ ಹೊಗೆಕೊಳವೆಯಿಂದ ಬರುವುದಕ್ಕಿಂತ ಇದೇ ಜಾಸ್ತಿ. ಪಿಎಂ 2.5 ಅನ್ನುವ ಈ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುವುದಿಲ್ಲ. ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಕಾನೂನು ಬಂದದ್ದು ಸುಮ್ಮನೆ ಅಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕಲ್ಲಿದ್ದಲ ಹೊಗೆ ಮತ್ತು ಮಂಜು ಮುಚ್ಚಿಕೊಂಡು ನಿಂತವು. ಸತ್ತವರು 4,000 ಅಂತ ಆಗ ಲೆಕ್ಕ ಹಾಕಿದರು. ಆಮೇಲಿನ ಸಂಶೋಧಕರು 12,000 ಇರಬಹುದು ಅಂದರು. ಅದಾದ ಮೇಲೆ 1956ರ ಶುದ್ಧ ಗಾಳಿ ಕಾಯ್ದೆ ಬಂತು. ಹೊಗೆ ನಿಯಂತ್ರಣ ಪ್ರದೇಶ ಅನ್ನುವುದು ಅದರ ಕೂಸು. ಈಗ ನಡೆಯುತ್ತಿರುವುದು 1993ರ ಕಾಯ್ದೆ.

ಹೊರಗಿನ ಗಾಳಿ ಹಾಗಿರಲಿ, ಮನೆಯೊಳಗಿನದು ನೋಡಿ. ನಿಮ್ಮದೇ ಊರಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಒಲೆ ಇರುವ ಮನೆಗಳಲ್ಲಿ ಮಾಪಕ ಇಟ್ಟು ನೋಡಿದ್ದರು. 2020ರಲ್ಲಿ ಪ್ರಕಟವಾಯಿತು. ಸೌದೆ ಹಾಕಲು ಬಾಗಿಲು ತೆರೆದಾಗಲೆಲ್ಲ ಕೋಣೆಯೊಳಗೆ ಕಣಗಳ ಮಟ್ಟ ಏರುತ್ತಿತ್ತು. ಅತ್ತೆಯವರಿಗೆ ದಮ್ಮು ಗಿಮ್ಮು ಇದೆಯಾ? ಚಿಕ್ಕ ಮಕ್ಕಳಿದ್ದಾರಾ? ಗ್ಯಾಸ್ ಇರುವ ಮನೆಗೆ ಸೌದೆ ಒಲೆ ಅಂದರೆ ಅದು ಅಲಂಕಾರ. ಅದೇ ದುಡ್ಡಲ್ಲಿ ಕಿಟಕಿ ಸಂದು ಮುಚ್ಚಿಸಿ, ಆ ಕೋಣೆಗೆ ದೊಡ್ಡ ರೇಡಿಯೇಟರ್ ಹಾಕಿಸಿ.

ಕಂಬ್ರಿಯಾ ಕೊಡವ

ಡಾಕ್ಟರಮ್ಮಾ, ಪಟ್ಟಣದ ಮಟ್ಟಿಗೆ ನೀವು ಹೇಳಿದ್ದನ್ನು ತೆಗೆದುಹಾಕುವ ಹಾಗಿಲ್ಲ. ಆದರೆ ನಮ್ಮ ಕಡೆ ಗ್ಯಾಸ್ ಲೈನೇ ಇಲ್ಲ. ಗಾಳಿಮಳೆಗೆ ಕರೆಂಟ್ ಹೋದರೆ ಎಣ್ಣೆ ಬಾಯ್ಲರ್ ಸಹ ಮಲಗುತ್ತದೆ. ಆಗ ಮನೆಯಲ್ಲಿ ಬೆಚ್ಚಗಿರುವುದು ಈ ಒಲೆ ಒಂದೇ. ಎಲ್ಲರಿಗೂ ಅಲಂಕಾರ ಅನ್ನಬೇಡಿ.

ಡಾಕ್ಟರಮ್ಮ

ನಿಮಗೆ ಅಂದಿದ್ದಲ್ಲ. ಸಾಲುಮನೆಗಳ ಬೀದಿಯಲ್ಲಿ ಒಬ್ಬರ ಚಿಮಣಿಗೆ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿ ಎಷ್ಟು ದೂರ ಅಂತ ನೋಡಿ ಅಂದೆ. ಶೆಫೀಲ್ಡ್ ಗುಡ್ಡದ ಊರು ಬೇರೆ. ಕೆಳಗಿನ ಬೀದಿಯ ಚಿಮಣಿ ಮೇಲಿನ ಬೀದಿಯ ಕಿಟಕಿಗೆ ಸಮ ಇರುತ್ತದೆ.

ಶೆಫೀಲ್ಡ್ ಸೊಸೆ

ಡಾಕ್ಟರಮ್ಮ, ಬೈಯುವ ಮಾತೆಲ್ಲಿ ಬಂತು? ಅತ್ತೆಗೆ ಬಿಪಿ ಬಿಟ್ಟರೆ ಏನಿಲ್ಲ. ಮಗಳಿಗೆ ಎಂಟು ವರ್ಷ, ಉಸಿರಿನ ತೊಂದರೆ ಇಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಇನ್‌ಹೇಲರ್ ಇಟ್ಟುಕೊಂಡಿರುತ್ತಾರೆ. ನಿಜ ಹೇಳಬೇಕಂದರೆ ನನ್ನ ಗಂಡನಿಗೆ ಬೆಂಕಿ ಕಾಣಬೇಕು. ಬೆಂಕಿ ನೋಡುತ್ತಾ ಕೂರುವುದು ಅವರಿಗೆ ಟಿವಿಗಿಂತ ಹೆಚ್ಚು.

ದಂಡದ ಬಗ್ಗೆ ಯಾರಾದರೂ ಹೇಳುತ್ತೀರಾ? ಒಂದೊಂದು ಕಡೆ ಒಂದೊಂದು ಮೊತ್ತ ಹಾಕಿದ್ದಾರೆ.

ಹೊಗೆಗೂಡು

ಇಂಗ್ಲೆಂಡಿನಲ್ಲಿ ಎರಡು ಬೇರೆ ಬೇರೆ ದಂಡ ಇವೆ, ಅದಕ್ಕೇ ಗೊಂದಲ. ಚಿಮಣಿಯಿಂದ ಹೊಗೆ ಬಿಟ್ಟರೆ ಕೌನ್ಸಿಲ್ 175ರಿಂದ 300 ಪೌಂಡ್‌ವರೆಗೆ ಹಾಕಬಹುದು. ಮೊದಲು ಇದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಿತ್ತು. 2021ರ ಪರಿಸರ ಕಾಯ್ದೆ ಆದ ಮೇಲೆ ಕೌನ್ಸಿಲೇ ನೇರವಾಗಿ ವಿಧಿಸಬಹುದು. ಇನ್ನೊಂದು, ವಿನಾಯಿತಿ ಇಲ್ಲದ ಒಲೆಗೆ ಅನಧಿಕೃತ ಇಂಧನ ಕೊಂಡರೆ 1,000 ಪೌಂಡ್‌ವರೆಗೆ. ಪಟ್ಟಿಯಲ್ಲಿರುವ ಒಲೆ ಇದೆ ಅಂದ ಕೂಡಲೇ ಬಚಾವಾಗುವುದಿಲ್ಲ. ಹಸಿ ಸೌದೆ ಹಾಕಿ ಕಪ್ಪು ಹೊಗೆ ಬಿಟ್ಟರೆ ಒಲೆಯ ಸರ್ಟಿಫಿಕೇಟ್ ತೋರಿಸಿ ಪ್ರಯೋಜನ ಇಲ್ಲ.

ರೀಡಿಂಗ್ ರಾಯರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದೂ ಹೊಸ ಮನೆ. ಗೃಹಪ್ರವೇಶಕ್ಕೆ ಗಣಹೋಮ ಇಟ್ಟುಕೊಂಡಿದ್ದೇವೆ. ಅದೂ ಈ ಕಾನೂನಿಗೆ ಬರುತ್ತಾ?

ಹೊಗೆಗೂಡು

ರಾಯರೇ, ಈ ಕಾಯ್ದೆ ಕಟ್ಟಡದ ಚಿಮಣಿಯಿಂದ ಹೊರಡುವ ಹೊಗೆಗೆ. ಹೋಮಕುಂಡಕ್ಕೆ ಚಿಮಣಿ ಇಲ್ಲ. ಆದರೆ ಚಾವಣಿಯಲ್ಲಿ ಹೊಗೆ ಅಲಾರಂ ಇದೆ, ಪೂರ್ಣಾಹುತಿ ಹೊತ್ತಿಗೆ ಅದು ಮಂತ್ರ ಶುರು ಮಾಡುತ್ತದೆ. ಹಿತ್ತಲಲ್ಲಿ ಮಾಡಿ, ಅಕ್ಕಪಕ್ಕದವರಿಗೆ ಮುಂಚೆ ಒಂದು ಮಾತು ಹೇಳಿ. ತೋಟದ ಬಾರ್ಬೆಕ್ಯೂ, ಪಿಜ್ಜಾ ಓವನ್ ಎಲ್ಲ ಅದೇ ಸಾಲಿಗೆ ಸೇರುತ್ತವೆ. ಹಿತ್ತಲ ಕೋಣೆಯ ಮಾಡಿನಿಂದ ಕೊಳವೆ ಹೊರಗೆ ತೆಗೆದಿರೋ, ಆಗ ನಿಯಮ ಹತ್ತುತ್ತದೆ.

ರೀಡಿಂಗ್ ರಾಯರು

ಧನ್ಯವಾದ. ಇನ್ನೊಂದೇ ಪ್ರಶ್ನೆ. ಮನೆಯಲ್ಲಿ ತೆಂಗಿನ ಚಿಪ್ಪು ರಾಶಿ ಬಿದ್ದಿದೆ. ಇಂಥ ಒಲೆಗೆ ಹಾಕಬಹುದಾ?

ಕಂಬ್ರಿಯಾ ಕೊಡವ

ಬೇಡ ರಾಯರೇ. ಪಟ್ಟಿಯಲ್ಲಿ ಆ ಒಲೆಗೆ ಸೌದೆ ಅಂತ ಬರೆದಿದ್ದರೆ ಸೌದೆ ಮಾತ್ರ. ಚಿಪ್ಪು, ಬಣ್ಣ ಬಳಿದ ಹಲಗೆ, ಪ್ಯಾಲೆಟ್ ಚೂರು, ಅಮೆಜಾನ್ ರಟ್ಟು, ಯಾವುದೂ ಬೇಡ.

ತೀರ್ಥಹಳ್ಳಿ ತುಂಗೆ

ನಾನು ಊರಲ್ಲೇ ಇರುವವಳು, ಮಗ ಲೀಡ್ಸಲ್ಲಿದ್ದಾನೆ ಅಂತ ಇಲ್ಲಿ ಓದುತ್ತಿರುತ್ತೇನೆ. ನಮ್ಮ ಮನೆಯಲ್ಲಿ ಮೊದಲು ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದು. ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಅಸ್ತ್ರ ಅನ್ನುವ ಘಟಕ ಶುರು ಮಾಡಿದ್ದರಲ್ಲ, ಅವರದ್ದು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಹಿಂದೆ ಚಿಮಣಿ. ಒಲೆ ಚೆನ್ನಾಗಿಯೇ ಇತ್ತು. ಸೌದೆ ಕಮ್ಮಿ ಸಾಕು, ಕಣ್ಣುರಿ ಇಲ್ಲ. ಆದರೆ ಚಿಮಣಿಯೊಳಗೆ ಮಸಿ ಕಟ್ಟಿದಾಗ ಹೊಗೆ ತಿರುಗಿ ಅಡುಗೆಮನೆಗೇ ಬರುತ್ತಿತ್ತು. ಗುಡಿಸಿದ ಮೇಲೆ ಮತ್ತೆ ಸರಿ. ಅಲ್ಲಿ ಸಾವಿರಾರು ಪೌಂಡಿನ ಒಲೆಗೂ ಇದೇ ಕತೆ ಅಲ್ವಾ? ಮೊದಲು ಚಿಮಣಿ ನೋಡಿಸಮ್ಮ.

ಹೊಗೆಗೂಡು

ತುಂಗಕ್ಕ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಹೊಗೆಯನ್ನು ಮೇಲಕ್ಕೆ ಎಳೆಯುವುದು ಚಿಮಣಿ. ಆ ಎಳೆತ ಇಲ್ಲದಿದ್ದರೆ ಪ್ರಯೋಗಶಾಲೆಯಲ್ಲಿ ಪಾಸಾದ ಒಲೆ ನಿಮ್ಮ ಮನೆಯಲ್ಲಿ ಫೇಲು.

ಮೊದಲು ಚಿಮಣಿ ಗುಡಿಸುವವರನ್ನು ಕರೆಸಿ. ಗುಡಿಸಿದ ಮೇಲೆ ಕ್ಯಾಮೆರಾ ಇಳಿಸಿ ನೋಡಲು ಹೇಳಿ. ಹಳೇ ಇಟ್ಟಿಗೆ ಚಿಮಣಿಯಲ್ಲಿ ಸಂದಿನ ಗಾರೆ ಉದುರಿರುತ್ತದೆ, ಜಾಕ್‌ಡಾ ಹಕ್ಕಿ ಕಡ್ಡಿ ತುಂಬಿಸಿ ಗೂಡು ಕಟ್ಟಿರುತ್ತದೆ. ಆ ಗೂಡು ಎಷ್ಟು ದಪ್ಪ ಅಂದರೆ ಬುಟ್ಟಿಗಟ್ಟಲೆ ಕಡ್ಡಿ ತೆಗೆದದ್ದನ್ನು ನೋಡಿದ್ದೇನೆ. ಆಮೇಲೆ ಸಾಮಾನ್ಯವಾಗಿ ಚಿಮಣಿಯೊಳಗೆ ಸ್ಟೀಲ್ ಲೈನರ್, ಅಂದರೆ ಹೊಗೆ ಹೋಗುವ ಕೊಳವೆ, ಇಳಿಸುತ್ತಾರೆ. 316 ದರ್ಜೆ, 904 ದರ್ಜೆ ಅಂತ ಎರಡು ಸಿಗುತ್ತವೆ. ಹೊಗೆಯಿಲ್ಲದ ಕಲ್ಲಿದ್ದಲನ್ನೂ ಉರಿಸುವ ಯೋಚನೆ ಇದ್ದರೆ 904 ತಗೊಳ್ಳಿ, ಆಮ್ಲಕ್ಕೆ ಅದು ಹೆಚ್ಚು ತಡೆಯುತ್ತದೆ. ಕೊಳವೆಯ ಅಗಲ ಮಾಮೂಲಿಗೆ 150 ಮಿಲಿಮೀಟರ್. ಹೊಗೆ ನಿಯಂತ್ರಣದ ಪರೀಕ್ಷೆ ಪಾಸಾದ ಒಲೆಗೆ, ತಯಾರಕರು ಒಪ್ಪಿದರೆ, 125 ಆಗುತ್ತದೆ. ಹಳೇ ಚಿಮಣಿ ಸಣ್ಣದಿದ್ದರೆ ಈ ಇಂಚು ಬಹಳ ಉಪಕಾರಕ್ಕೆ ಬರುತ್ತದೆ. ಎತ್ತರ ನಾಲ್ಕೂವರೆ ಮೀಟರ್‌ಗಿಂತ ಕಮ್ಮಿ ಇರಬಾರದು. ನಿಮ್ಮದು ಎರಡು ಮಹಡಿ, ಚಿಂತೆ ಇಲ್ಲ.

ಒಲೆ ಕೂರುವ ಕಲ್ಲುಹಾಸಿಗೂ ನಿಯಮ ಇದೆ. ಒಲೆಯ ತಳದ ಬಿಸಿ 100 ಡಿಗ್ರಿ ದಾಟುವುದಿಲ್ಲ ಅಂತ ತಯಾರಕರು ಬರೆದುಕೊಟ್ಟಿದ್ದರೆ 12 ಮಿಲಿಮೀಟರ್ ದಪ್ಪದ ಕಲ್ಲು ಸಾಕು. ಇಲ್ಲಾಂದ್ರೆ 125 ಮಿಲಿಮೀಟರ್ ಕಟ್ಟಬೇಕು. ಬಾಗಿಲಿನ ಮುಂದೆ ಕನಿಷ್ಠ 225 ಮಿಲಿಮೀಟರ್ ಕಲ್ಲು ಚಾಚಿರಬೇಕು, ಕೆಂಡ ಹೊರಗೆ ಉರುಳಿದರೆ ಕಾರ್ಪೆಟ್ ಮೇಲೆ ಬೀಳಬಾರದು. ಒಲೆಯ ಮೇಲಿನ ಮರದ ತೊಲೆ ಎಷ್ಟು ದೂರ ಇರಬೇಕು ಅಂತ ಪ್ರತಿ ಒಲೆಯ ಕೈಪಿಡಿಯಲ್ಲೂ ಇರುತ್ತದೆ. ಗಂಡನವರು ಅದರ ಮೇಲೆ ಟಿವಿ ಹಾಕೋಣ ಅಂದರೆ ಕೈಪಿಡಿಯ ಆ ಪುಟ ತೋರಿಸಿ.

ಅದೇ ಕೋಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ಅಲಾರಂ ಕಡ್ಡಾಯ. ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ ಇರಬೇಕು. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಅಂತ ಮಲಗಿದವರು ಏಳುವುದೇ ಇಲ್ಲ. ಹೊಗೆ ಅಲಾರಂ ಇದಕ್ಕೆ ಕೂಗುವುದಿಲ್ಲ, ಎರಡೂ ಬೇರೆ ಬೇರೆ.

ಅಳವಡಿಸುವವರು ಹೆಟಾಸ್‌ನಂಥ (ಒಲೆ ಕೂರಿಸುವವರನ್ನು ನೋಂದಾಯಿಸುವ ಸಂಸ್ಥೆ) ಯೋಜನೆಯಲ್ಲಿ ನೋಂದಾಯಿಸಿದವರಾದರೆ ಅವರೇ ಸರ್ಟಿಫಿಕೇಟ್ ಕೊಡುತ್ತಾರೆ. ಬೇರೆಯವರಿಂದ ಮಾಡಿಸಿದರೆ ಮುಂಚೆಯೇ ಕಟ್ಟಡ ನಿಯಂತ್ರಣ ವಿಭಾಗಕ್ಕೆ ಅರ್ಜಿ ಹಾಕಬೇಕು. ಆ ಕಾಗದ ಜೋಪಾನ. ಮನೆ ಮಾರುವಾಗ ವಕೀಲರು ಮೊದಲು ಕೇಳುವುದು ಅದನ್ನೇ. ವಿಮೆಯವರಿಗೂ ತಿಳಿಸಿ.

ಲೂಟನ್ ಲೋಕಿ

ಗುರುಗಳೇ, ನಂಗೆ ಸೆಕೆಂಡ್ ಹ್ಯಾಂಡಲ್ಲಿ ಒಂದು ಡೇನಿಶ್ ಒಲೆ ಸಿಗ್ತಿದೆ. ಎರಕದ ಕಬ್ಬಿಣ, ಪಕ್ಕದಲ್ಲಿ ಅಳಿಲಿನ ಚಿತ್ರ. ಬೆಲೆ ಚಿಲ್ಲರೆ ಕಾಸು. ತಗೊಳ್ಳಲಾ?

ಹೊಗೆಗೂಡು

ಅಳಿಲು ಅಂದರೆ ಮೊರ್ಸೊ ಇರಬೇಕು. ಒಳ್ಳೇ ಎರಕ, 1853ರಿಂದ ಇರುವ ಕಂಪನಿ. ಇಕೋಡಿಸೈನ್ ಹೊಸ ಮಾಲಿಗೆ ಮಾತ್ರ. ಹಳೇ ಒಲೆ ಮನೆಯಲ್ಲಿಟ್ಟು ಉರಿಸುವುದು ಅಪರಾಧ ಅಲ್ಲ. ಆದರೆ ನೀವಿರುವ ಬೀದಿ ಹೊಗೆ ನಿಯಂತ್ರಣ ಪ್ರದೇಶವಾದರೆ ಆ ನಿರ್ದಿಷ್ಟ ಮಾದರಿ ಪಟ್ಟಿಯಲ್ಲಿ ಇರಬೇಕು. ಒಂದೇ ಅಳಿಲಿನ ಹಲವು ಆವೃತ್ತಿ ಇವೆ. ಹಿಂಭಾಗದ ತಗಡಿನ ಮೇಲಿರುವ ಸಂಖ್ಯೆಯ ಫೋಟೊ ಕಳಿಸಲು ಹೇಳಿ. ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ಒಳಗಿನ ಇಟ್ಟಿಗೆ ಒಡೆದಿದೆಯಾ, ಬಾಗಿಲಿನ ಹಗ್ಗ ಸವೆದಿದೆಯಾ, ಮೇಲಿನ ಅಡ್ಡತಗಡು ಬಾಗಿದೆಯಾ ಅಂತಲೂ ನೋಡಿ. ಬಾಗಿದ್ದರೆ ಯಾರೋ ಅದನ್ನು ಮಿತಿಮೀರಿ ಉರಿಸಿದ್ದಾರೆ.

ಶೆಫೀಲ್ಡ್ ಸೊಸೆ

ಸೌದೆ ಮಾತ್ರ ಉರಿಸುವ ಒಲೆ, ಸೌದೆ ಕಲ್ಲಿದ್ದಲು ಎರಡೂ ಉರಿಸುವ ಒಲೆ ಅಂತ ಎರಡು ಬಗೆ ಇವೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಎರಡೂ ಆಗುವುದೇ ಜಾಣತನ ಅಲ್ವಾ?

ಕಂಬ್ರಿಯಾ ಕೊಡವ

ನನ್ನ ಅಭಿಪ್ರಾಯದಲ್ಲಿ ಅಲ್ಲ. ಕಲ್ಲಿದ್ದಲಿಗೆ ಗಾಳಿ ಕೆಳಗಿಂದ ಬರಬೇಕು, ಅದಕ್ಕೆ ಜಾಲರಿ ಬೇಕು. ಸೌದೆಗೆ ಮೇಲಿಂದ ಬರಬೇಕು. ಅದು ಬೂದಿಯ ಹಾಸಿಗೆ ಮೇಲೆ ಮಲಗಿ ಉರಿಯುವ ಜಾತಿ. ಎರಡಕ್ಕೂ ಅಂತ ಮಾಡಿದ್ದು ಎರಡಕ್ಕೂ ಅಷ್ಟಕ್ಕಷ್ಟೆ. ಹೇಗೂ ಮನೆಗೆ ಬಳಸುವ ಮಾಮೂಲಿ ಕಲ್ಲಿದ್ದಲಿನ ಮಾರಾಟ ಇಂಗ್ಲೆಂಡಿನಲ್ಲಿ ಮುಗಿದಿದೆ. ಮೂಟೆಯದ್ದು 2021ರ ಮೇ 1ರಿಂದ, ಬಿಡಿಯದ್ದು 2023ರ ಮೇ 1ರಿಂದ. ನಿಮಗೆ ಉಳಿದಿರುವುದು ಹೊಗೆಯಿಲ್ಲದ ಇಂಧನ ಮಾತ್ರ. ನಿಮಗೆ ಬೆಂಕಿ ಕಾಣಬೇಕು ಅಂದರೆ ಸೌದೆಯದ್ದೇ ತಗೊಳ್ಳಿ.

ಕ್ಲಿಯರ್‌ಸ್ಕೈಸ್ ಅಂತ ಒಂದು ಗುರುತು ಇದೆ, 1ರಿಂದ 5ರವರೆಗೆ ಮಟ್ಟ. ಸಂಖ್ಯೆ ಜಾಸ್ತಿ ಆದಷ್ಟೂ ಹೊಗೆ ಕಮ್ಮಿ. ನಾನಾದರೆ 5ನೇ ಮಟ್ಟದಿಂದ ಶುರು ಮಾಡಿ ಕೆಳಗೆ ನೋಡುತ್ತೇನೆ. ನಮ್ಮ ಮನೆಯಲ್ಲಿರುವುದು ವೈಟ್ ದ್ವೀಪದಲ್ಲಿ ತಯಾರಾಗುವ ಚಾರ್ನ್‌ವುಡ್. ನಾರ್ವೆಯ ಯೊಟುಲ್ ಇಟ್ಟುಕೊಂಡಿರುವ ಗೆಳೆಯರೂ ಇದ್ದಾರೆ, ಅವರಿಗೂ ದೂರಿಲ್ಲ. ಕಂಪನಿ ಜಗಳಕ್ಕೆ ನಾನು ಬರುವುದಿಲ್ಲ. ಅಂಗಡಿಯಲ್ಲಿ ಉರಿಯುತ್ತಿರುವ ಒಲೆ ಇದ್ದರೆ ಅದರ ಹಿಡಿಕೆಯನ್ನು ನೀವೇ ಸರಿಸಿ ನೋಡಿ. ಜ್ವಾಲೆ ಅದಕ್ಕೆ ತಕ್ಷಣ ಸ್ಪಂದಿಸಬೇಕು.

ಇನ್ನು ಸೌದೆ. ಇಲ್ಲೇ ಎಲ್ಲರೂ ಎಡವುವುದು. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. 4 ಕಿಲೋವ್ಯಾಟ್ ಒಲೆ ಗಂಟೆಗೆ ಹೆಚ್ಚುಕಮ್ಮಿ ಒಂದೂಕಾಲು ಕಿಲೋ ಒಣ ಸೌದೆ ತಿನ್ನುತ್ತದೆ. ತೇವ 20% ಅಂದರೆ ಅದರೊಳಗೆ ಕಾಲು ಲೀಟರ್ ನೀರು. ತೇವ 40% ಇದ್ದರೆ ಅರ್ಧ ಲೀಟರ್. ಉರಿಯುವ ಬೆಂಕಿಗೆ ಗಂಟೆಗೆ ಎರಡು ಲೋಟ ನೀರು ಸುರಿಯುತ್ತೀರಾ? ಹಸಿ ಸೌದೆ ಅದನ್ನೇ ಮಾಡುತ್ತದೆ.

ಅದಕ್ಕೇ 2021ರಿಂದ ಎರಡು ಘನ ಮೀಟರ್‌ಗಿಂತ ಕಮ್ಮಿ ಸೌದೆ ಮಾರುವವರು 20% ಅಥವಾ ಅದಕ್ಕಿಂತ ಕಮ್ಮಿ ತೇವದ್ದೇ ಮಾರಬೇಕು ಅಂತ ನಿಯಮ. ಮೂಟೆ ಮೇಲೆ 'ರೆಡಿ ಟು ಬರ್ನ್' ಗುರುತು ನೋಡಿ. ಆದರೂ ತೇವ ಮಾಪಕ ಒಂದು ಇರಲಿ, ದುಬಾರಿ ಏನಲ್ಲ. ಹೊರಗಿನ ತೊಗಟೆಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಕೊರಡನ್ನು ಕೊಡಲಿಯಿಂದ ಸೀಳಿ, ಆಗ ತೆರೆದುಕೊಂಡ ಒಳಮೈಗೆ ಚುಚ್ಚಬೇಕು.

ಬ್ರಿಸ್ಟಲ್ ಬಸಣ್ಣ

ಎರಡು ಕೊರಡು ಒಂದಕ್ಕೊಂದು ಬಡದು ನೋಡ್ರಿ. ಒಣಗಿದ್ದು ಟಣ್ ಅಂತದ. ಹಸಿದು ಧಪ್ ಅಂತದ. ಮಾಪಕ ಗೀಪಕ ಆಮ್ಯಾಲ.

ಡಾಕ್ಟರಮ್ಮ

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಾತು ಬದಲಾಗಿಲ್ಲ. ಆದರೆ ಹಾಕಿಸಿಯೇ ತೀರುತ್ತೀರಿ ಅಂತ ಕಾಣುತ್ತಿದೆ. ಹಾಗಾದರೆ ಹೊತ್ತಿಸುವ ವಿಧಾನ ಕಲಿಯಿರಿ. ಅತಿ ಹೆಚ್ಚು ಹೊಗೆ ಬರುವುದು ಮೊದಲ ಹದಿನೈದು ಇಪ್ಪತ್ತು ನಿಮಿಷ. ಕೊಡವರೇ, ಅದನ್ನು ನೀವೇ ಬರೆಯಿರಿ.

ಕಂಬ್ರಿಯಾ ಕೊಡವ

ಆಗಲಿ. ನಾವು ಊರಲ್ಲಿ ಕೆಳಗೆ ತರಗು, ಮೇಲೆ ಪುರಲೆ, ಅದರ ಮೇಲೆ ಕೊರಡು ಅಂತ ಜೋಡಿಸಿ ಬುಡಕ್ಕೆ ಕಡ್ಡಿ ಗೀರುತ್ತಿದ್ದೆವು. ಇಲ್ಲಿ ಅದನ್ನು ತಲೆಕೆಳಗು ಮಾಡಿ. ಬೂದಿಯ ಮೇಲೆ ಎರಡು ಕೊರಡು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು. ಅದರ ಮೇಲೆ ಹೆಬ್ಬೆರಳು ದಪ್ಪದ ಚಕ್ಕೆಗಳನ್ನು ಅಡ್ಡಡ್ಡ ಎರಡು ಮೂರು ಸಾಲು. ಎಲ್ಲಕ್ಕಿಂತ ಮೇಲೆ ಮೇಣ ಹಚ್ಚಿದ ಮರದ ನಾರಿನ ಉಂಡೆ. ಗಾಳಿ ಪೂರ್ತಿ ತೆರೆದು ಮೇಲಿಂದ ಹೊತ್ತಿಸಿ.

ಬೆಂಕಿ ಮೆಲ್ಲಗೆ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಸೌದೆಯಿಂದ ಎದ್ದ ಅನಿಲ ಮೇಲಿನ ಜ್ವಾಲೆಯೊಳಗೇ ಹಾಯ್ದು ಹೋಗಬೇಕು, ಹಾಗಾಗಿ ಉರಿದುಹೋಗುತ್ತದೆ. ಚಿಮಣಿಯೂ ಬೇಗ ಬಿಸಿಯಾಗಿ ಎಳೆತ ಹಿಡಿಯುತ್ತದೆ. ಹೊರಗೆ ಹೋಗಿ ಚಿಮಣಿ ನೋಡಿ. ಕಂಡೂ ಕಾಣದ ಬಿಸಿಗಾಳಿಯ ನಡುಕ ಇದ್ದರೆ ಸರಿ. ಬೂದು ಬಣ್ಣ ಕಂಡರೆ ಎಲ್ಲೋ ಗಾಳಿ ಸಾಲದು, ಇಲ್ಲವೇ ಸೌದೆ ಹಸಿ. ಗಾಜನ್ನೂ ನೋಡುತ್ತಿರಿ. ಕಪ್ಪಾಗುತ್ತಿದೆ ಅಂದರೆ ಅದೇ ಮಾತು.

ಮರುಸೌದೆ ಹಾಕುವ ಹೊತ್ತು ಮುಖ್ಯ. ಜ್ವಾಲೆ ಇಳಿದು ಕೆಂಡ ಕೆಂಪಾಗಿ ಹೊಳೆಯುವಾಗ ಬಾಗಿಲು ತೆಗೆಯಿರಿ. ಜ್ವಾಲೆ ಏಳುತ್ತಿರುವಾಗ ಬೇಡ. ಒಮ್ಮೆಲೇ ಜಗ್ಗಬೇಡಿ. ಮೊದಲು ಸ್ವಲ್ಪ ಸಡಿಲಿಸಿ, ಒಂದೆರಡು ಕ್ಷಣ ಬಿಟ್ಟು ಆಮೇಲೆ ತೆಗೆದರೆ ಹೊಗೆ ಕೋಣೆಗೆ ನುಗ್ಗುವುದು ಕಮ್ಮಿ. ಒಂದೇ ಕೊರಡು ಹಾಕಿ, ಎರಡು ನಿಮಿಷ ಗಾಳಿ ಪೂರ್ತಿ ತೆರೆದಿಡಿ, ಹೊತ್ತಿಕೊಂಡ ಮೇಲೆ ಇಳಿಸಿ.

ಶೆಫೀಲ್ಡ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ. ಚಿಮಣಿ ಗುಡಿಸಿ ಕ್ಯಾಮೆರಾ ಇಳಿಸಿದರು. ಹಕ್ಕಿಗೂಡು ಇರಲಿಲ್ಲ. ಆದರೆ ಮಾಡಿನ ಹತ್ತಿರ ಇಟ್ಟಿಗೆ ಸಡಿಲವಾಗಿತ್ತು, ನಮ್ಮ ಹೊಗೆದಾರಿಗೂ ಪಕ್ಕದ ಮನೆಯದಕ್ಕೂ ನಡುವಿನ ಗೋಡೆಯಲ್ಲಿ ಬಿರುಕು ಕಾಣಿಸಿತು. ತೆರೆದ ಬೆಂಕಿ ಹಾಕಿದ್ದರೆ ಇನ್‌ಹೇಲರ್ ಅಜ್ಜಿಯ ಕೋಣೆಗೇ ಹೊಗೆ ಹೋಗುತ್ತಿತ್ತು ಅಂದರು. ಲೈನರ್ ಕಡ್ಡಾಯ ಅಂತ ತೀರ್ಮಾನ ಆಯಿತು. ಒಲೆಗಿಂತ ಲೈನರ್, ಕಲ್ಲು, ಕೆಲಸದ ಕೂಲಿಗೇ ಜಾಸ್ತಿ ಬೀಳುತ್ತಿದೆ.

ಅಂಗಡಿ ಬದಲಾಯಿಸಿದೆವು. 4 ಕಿಲೋವ್ಯಾಟಿನದು, ಸೌದೆ ಮಾತ್ರ, ಕ್ಲಿಯರ್‌ಸ್ಕೈಸ್ 5. ಮಾದರಿಯ ಹೆಸರನ್ನು ಡೆಫ್ರಾ ಪಟ್ಟಿಯಲ್ಲಿ ಅಕ್ಷರ ಅಕ್ಷರ ಹೊಂದಿಸಿ ನೋಡಿದೆ. 125 ಲೈನರಿಗೆ ಒಪ್ಪಿಗೆ ಇದೆ, ತಳ 100 ಡಿಗ್ರಿ ದಾಟುವುದಿಲ್ಲ ಅಂತ ಕೈಪಿಡಿಯಲ್ಲೇ ಇದೆ. ಡಾಕ್ಟರಮ್ಮ, ನಿಮ್ಮ ಮಾತಿಗೆ ಕಿಟಕಿ ಸಂದುಗಳನ್ನೂ ಮುಚ್ಚಿಸುತ್ತಿದ್ದೇವೆ. ದಿನಾ ಗ್ಯಾಸು, ಒಲೆ ಶನಿವಾರ ಭಾನುವಾರ ಮಾತ್ರ ಅಂತ ಮನೆಯಲ್ಲಿ ಒಪ್ಪಂದ. ಅಜ್ಜಿಗೂ ಹೇಳಿದ್ದೇನೆ, ಹೊಗೆ ವಾಸನೆ ಬಂದರೆ ಕೌನ್ಸಿಲಿಗೆ ಮುಂಚೆ ನನಗೆ ಫೋನ್ ಮಾಡಿ ಅಂತ.

ಡಾಕ್ಟರಮ್ಮ

ಕಿಟಕಿ ಸಂದು ಮುಚ್ಚಿಸಿದ ಮೇಲೆ ಕೋಣೆ ಬೆಚ್ಚಗಾಗಿ ಒಲೆಯೇ ಬೇಡ ಅನಿಸಿದರೆ ಇಲ್ಲಿ ಬಂದು ಬರೆಯಿರಿ.

ಹೊಗೆಗೂಡು

ಸಂದು ಮುಚ್ಚಿಸುವ ವಿಷಯ ಅಳವಡಿಸುವವರಿಗೆ ಮುಂಚೆಯೇ ಹೇಳಿ. ಹಳೇ ಮನೆಗೆ ಗಾಳಿಕಿಂಡಿ ಬೇಡ ಅನ್ನುವ ಲೆಕ್ಕ ಆ ಸೋರಿಕೆಯನ್ನೇ ನಂಬಿಕೊಂಡಿದೆ. ತುಂಬ ಬಿಗಿಯಾದರೆ ಕಿಂಡಿ ಬೇಕಾಗಬಹುದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಪೂರ್ತಿ ಹಾಕಿ, ಬಾಗಿಲುಗಳನ್ನು ಮುಚ್ಚಿ, ಒಲೆ ಹೊಗೆ ಹಿಂದಕ್ಕೆ ಬಿಡುತ್ತದಾ ಅಂತ ಅವರ ಎದುರೇ ಪರೀಕ್ಷೆ ಮಾಡಿಸಿ. ಕೆಲಸ ಮುಗಿದ ಮೇಲೆ ಲೈನರ್ ವಿವರ ಬರೆದ ಫಲಕವನ್ನು ಮೀಟರ್ ಪೆಟ್ಟಿಗೆ ಹತ್ತಿರ ಅಥವಾ ಒಲೆ ಬಳಿ ಹಚ್ಚಬೇಕು. ಅದನ್ನು ಹಚ್ಚದೆ ಹೋಗಲು ಬಿಡಬೇಡಿ.

ಶೆಫೀಲ್ಡ್ ಸೊಸೆ

ಸರಿ ಸರ್. ಕೊನೆಯದಾಗಿ ಸೌದೆ. ಸಣ್ಣ ಮೂಟೆ ದುಬಾರಿ ಬೀಳುತ್ತದೆ. ಲಾರಿಯವರು ಮೂರು ಘನ ಮೀಟರ್ ತಗೊಂಡರೆ ಬೆಲೆ ಇಳಿಸುತ್ತಾರಂತೆ. ಅಷ್ಟು ಇಡಲು ನಮ್ಮ ಹಿತ್ತಲಲ್ಲಿ ಜಾಗ ಇಲ್ಲ. ಹತ್ತಿರದಲ್ಲಿ ಯಾರಾದರೂ ಹಂಚಿಕೊಳ್ಳುತ್ತೀರಾ?

ರಾದರಮ್ ರಾಜಿ

ನಾನಿದ್ದೇನೆ ಕಣ್ರೀ, ಅರ್ಧ ನನಗಿರಲಿ. ಲಾರಿ ನಮ್ಮ ಮನೆಗೇ ಬರಲಿ, ಮುಂದೆ ಜಾಗ ಇದೆ. ನಿಮ್ಮ ಪಾಲನ್ನು ಕಾರಲ್ಲಿ ಎರಡು ಸಲ ಹೊಡೆದರೆ ಆಯ್ತು.

ಕಂಬ್ರಿಯಾ ಕೊಡವ

ಇಬ್ಬರೂ ಒಂದು ವಿಷಯ ಗಮನಿಸಿ. ಎರಡು ಘನ ಮೀಟರ್ ಮತ್ತು ಅದಕ್ಕಿಂತ ಜಾಸ್ತಿಯ ಮಾರಾಟಕ್ಕೆ 20%ರ ನಿಯಮ ಇಲ್ಲ. ಒಣಗಿಸುವುದು ಹೇಗೆ ಅಂತ ಒಂದು ಚೀಟಿ ಕೊಟ್ಟು ಹಸಿಯದ್ದನ್ನೇ ಇಳಿಸಿ ಹೋಗಬಹುದು. ಆ ಅಗ್ಗದ ಬೆಲೆ ಯಾವ ಸೌದೆಯದ್ದು ಅಂತ ಮೊದಲು ಕೇಳಿ. ಹಸಿಯಾದರೆ ಈ ಚಳಿಗಾಲಕ್ಕೆ ಆಗುವುದಿಲ್ಲ.

ರಾದರಮ್ ರಾಜಿ

ಓಹೋ. ಹಾಗಾದರೆ ಲಾರಿ ಬಂದಾಗ ದುಡ್ಡು ಕೊಡುವ ಮುಂಚೆ ನಾಲ್ಕೈದು ಕೊರಡು ಸೀಳಿಸಿ ನೋಡೋಣ. ಮಾಪಕ ನನ್ನ ಹತ್ತಿರ ಇದೆ, ಕೊಡಲಿ ನೀವು ತನ್ನಿ.